ತೊಗಲಿನ ದಾರಿಯಲ್ಲಿ ಬಂದ ಸುವಾರ್ತೆ

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಹಾಸ್ಟೆಲ್ಲಿನ ಹುಡುಗರು. ಸಂಜೆಯಾದರೆ ತಮಟೆ, ಸಂಘರ್ಷ ಸಮಿತಿಯ ಹಾಡು, ಅರ್ಧರಾತ್ರಿವರೆಗೆ ಚರ್ಚೆ. ನಮ್ಮ ರೂಮಿನಲ್ಲೇ ಇದ್ದ ಗೆಳೆಯನೊಬ್ಬ ಮಾತ್ರ ಭಾನುವಾರ ಬೆಳಿಗ್ಗೆ ತಣ್ಣೀರು ಹುಯ್ದುಕೊಂಡು, ಇದ್ದ ಒಂದೇ ಬಿಳಿ ಅಂಗಿ ಹಾಕಿಕೊಂಡು ಎಲ್ಲೋ ಪ್ರಾರ್ಥನೆಗೆ ಅಂತ ಹೋಗುತ್ತಿದ್ದ. ವಾಪಸ್ಸು ಬಂದ ಕೂಡಲೇ ನಮ್ಮ ಪ್ರಶ್ನೆ ಒಂದೇ: 'ಏನ್ಲಾ, ಇವತ್ತು ಬ್ರೆಡ್ಡು ಕೊಟ್ರಾ, ಹಾಲಿನ ಪುಡಿ ಕೊಟ್ರಾ?' ಅವನು ಏನೂ ಹೇಳುತ್ತಿರಲಿಲ್ಲ. ನಾವು ನಗುತ್ತಿದ್ದೆವು. ಪುರೋಹಿತಶಾಹಿಯ ವಿರುದ್ಧ ಬೆಳಗಿನವರೆಗೂ ಮಾತಾಡುತ್ತಿದ್ದ ನಾವೇ, ಅದೇ ಪುರೋಹಿತಶಾಹಿ ನೂರಾರು ವರ್ಷದಿಂದ ಹೇಳಿಕೊಂಡು ಬಂದ ಒಂದು ಮಾತನ್ನು ನಮ್ಮವನೊಬ್ಬನ ಮುಖಕ್ಕೆ ಎಸೆಯುತ್ತಿದ್ದೆವು ಎನ್ನುವುದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಆ ಮಾತು ಯಾವುದೆಂದರೆ, ಹೊಲೆಯ ಮಾದಿಗರಿಗೆ ಹೊಟ್ಟೆ ಇದೆ, ಹುಡುಕಾಟ ಇಲ್ಲ ಎಂಬುದು. ಅವರು ಎಲ್ಲಿಗೆ ಹೋದರೂ ಹೊಟ್ಟೆಯೇ ಎಳೆದುಕೊಂಡು ಹೋಗಿರಬೇಕು. ಇಂಗ್ಲಿಷಿನವರು ಇದಕ್ಕೆ 'ಅಕ್ಕಿ ಕ್ರೈಸ್ತರು' ಎಂದು ಹೆಸರನ್ನೇ ಇಟ್ಟರು. ನಮ್ಮಲ್ಲಿ ಕ್ರೈಸ್ತ ಬೋಧೆಯ ಚರಿತ್ರೆ ಬರೆದವರು, ಅದನ್ನು ಮೆಚ್ಚಿ ಬರೆದವರೇ ಇರಲಿ ಬೈದು ಬರೆದವರೇ ಇರಲಿ, ಬಹುಮಟ್ಟಿಗೆ ಈ ಒಂದು ವಿಷಯದಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಮೇಲ್ಜಾತಿಯ ತರುಣ ಕ್ರಿಸ್ತನ ಬಗ್ಗೆ ಕೇಳಿದರೆ ಅದು ಆತ್ಮದ ಹಸಿವು. ಕೇರಿಯ ತರುಣ ಕೇಳಿದರೆ ಅದು ಬರೀ ಹಸಿವು.

ಮಂಗಳೂರಿನಿಂದ ಶುರು ಮಾಡೋಣ. ಬಾಸೆಲ್ ಮಿಶನ್ನಿನ ಮೊದಲ ಮೂವರು ಅಲ್ಲಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೊಗ್ಲಿಂಗ್ ಬಂದದ್ದು 1836ರಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೊಗ್ಲಿಂಗ್ ಕನ್ನಡದ ಪತ್ರಿಕಾ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತು. ಅದರ ಮರುವರ್ಷ, 1844ರ ಜನವರಿಯಲ್ಲಿ ನಡೆದದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಇನ್ನಿಬ್ಬರು ತರುಣರ ಜೊತೆ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಬಂಧುಬಳಗ ದೂರವಾಯಿತು. ಅದು ಸಣ್ಣ ಸಂಕಟವಲ್ಲ, ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಕೌಂಡಿನ್ಯರನ್ನು ಮೊಗ್ಲಿಂಗ್ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು, ಹಿಂದಿರುಗಿ ಮಂಗಳೂರಿನಲ್ಲಿ ಪಾಠ ಹೇಳಿದರು. ಆ ತರುಣನ ಸಂಶಯ, ಓದು, ತಳಮಳ, ತಾಯಿಯ ಕಣ್ಣೀರು, ಇವೆಲ್ಲ ಕಥನವಾಗಿ ಉಳಿದಿವೆ. ಅವರು ಏನನ್ನು ಹುಡುಕುತ್ತಿದ್ದರು ಎಂದು ಕೇಳುವವರು ಇದ್ದರು, ಬರೆದಿಡುವವರೂ ಇದ್ದರು.

ಇದು ಮಂಗಳೂರಿನದೊಂದೇ ಕಥೆಯಲ್ಲ. ಕಲ್ಕತ್ತದಲ್ಲಿ ಅಲೆಕ್ಸಾಂಡರ್ ಡಫ್ 1830ರಲ್ಲಿ ಶಾಲೆ ತೆರೆದಾಗ ಲೆಕ್ಕಾಚಾರ ಇದ್ದದ್ದೇ ಹೀಗೆ: ಮೇಲಿನವರ ಚುರುಕು ಹುಡುಗರನ್ನು ಇಂಗ್ಲಿಷು, ವಿಜ್ಞಾನ, ಬೈಬಲಿನ ಮೂಲಕ ಹಿಡಿದರೆ ಸಾಕು, ಸತ್ಯ ಮೇಲಿನಿಂದ ಕೆಳಕ್ಕೆ ತಾನೇ ಸೋರಿಕೊಂಡು ಬರುತ್ತದೆ. ನಮ್ಮ ಊರುಗಳಲ್ಲಿ ಮೇಲಿನಿಂದ ಕೆಳಕ್ಕೆ ಏನೇನು ಸೋರಿಕೊಂಡು ಬರುತ್ತದೆ ಅನ್ನೋದು ಕೇರಿಯಲ್ಲಿ ಹುಟ್ಟಿದವರಿಗೆ ಗೊತ್ತು. ಡಫ್ ಸಾಹೇಬರಿಗೆ ಗೊತ್ತಿರಲಿಲ್ಲ.

ಈಗ ಕೊಡಗಿಗೆ ಬನ್ನಿ. 1850ರ ದಶಕದಲ್ಲಿ ಮೊಗ್ಲಿಂಗ್ ಅಲ್ಲಿಗೆ ಹೋದರು. ಮೇಲಿನವರಿಂದ ಒಂದಿಬ್ಬರು ಬಂದರು, ಹೆಚ್ಚು ಜನ ಬರಲಿಲ್ಲ. ಬಂದವರು ತಲೆತಲಾಂತರದಿಂದ ಭೂಮಿಯ ಜೊತೆಗೇ ಕಟ್ಟಿಹಾಕಿಸಿಕೊಂಡು ಜೀತದಲ್ಲಿದ್ದ ಹೊಲೆಯರು. ಅವರಿಗಾಗಿ ಸಿದ್ದಾಪುರದ ಹತ್ತಿರ ಆನಂದಪುರ ಎಂಬ ನೆಲೆ ಎದ್ದಿತು. ಅದನ್ನು ಕಟ್ಟುವುದರಲ್ಲಿ ಕೌಂಡಿನ್ಯರ ಕೈಯೂ ಇತ್ತು. ಕೌಂಡಿನ್ಯರ ಹೆಸರು ಗೊತ್ತಿದ್ದವರಲ್ಲಿ ಆನಂದಪುರಕ್ಕೆ ಮೊದಲು ಬಂದ ಹೊಲೆಯನ ಹೆಸರು ಹೇಳಬಲ್ಲವರು ಎಷ್ಟು ಜನ? ಅವನು ಯಾವ ರಾತ್ರಿ ನಿದ್ದೆಗೆಟ್ಟು ಏನು ಯೋಚಿಸಿದ, ಯಾವ ಭೂತಕ್ಕೆ ಹೆದರಿದ, ಯಾವ ಮಾತು ಕೇಳಿ ಹೆದರಿಕೆ ಬಿಟ್ಟ ಎಂದು ಕೇಳಬೇಕು ಅಂತ ಯಾರಿಗೂ ಅನ್ನಿಸಿದಂತಿಲ್ಲ. ಅವನು 'ಹೊಲೆಯರು' ಎಂಬ ಬಹುವಚನದಲ್ಲಿ ಕರಗಿಹೋದ.

ಸಾಹಿತ್ಯಕ್ಕೆ ಬಂದರೂ ಕಥೆ ಬೇರೆಯಲ್ಲ. ಹೊಲೆಯನೊಬ್ಬ ಇಗರ್ಜಿಯ ಕಡೆ ನೋಡುವ ಚಿತ್ರ ಕನ್ನಡದಲ್ಲಿ ಯಾವುದು ಎಂದರೆ ಎಲ್ಲರ ಬಾಯಲ್ಲೂ ಬರುವುದು 1933ರ 'ಚೋಮನ ದುಡಿ'. ಕಾರಂತರು ಚೋಮನಿಗೆ ಕೊಟ್ಟ ಕಾರಣ ಒಂದು ತುಂಡು ಭೂಮಿ. ಮಗ ಗುರುವನಿಗೆ ಕೊಟ್ಟ ಕಾರಣ ಒಬ್ಬಳು ಹುಡುಗಿ. ಭೂಮಿಯ ಆಸೆ ಸಣ್ಣದಲ್ಲ, ಪ್ರೀತಿಯಂತೂ ಅಲ್ಲವೇ ಅಲ್ಲ. ಆದರೆ ಆ ಕಾದಂಬರಿಯಲ್ಲಿ ಪಾದ್ರಿ ಹೇಳುವ ದೇವರು ಯಾರು, ಎಂಥವನು ಎಂಬ ಕುತೂಹಲ ಮಾತ್ರ ಹೊಲೆಯನ ಪಾಲಿಗೆ ಬರುವುದಿಲ್ಲ. ಚೋಮನನ್ನು ಹಿಂದಕ್ಕೆ ತಿರುಗಿಸುವುದೂ ಪಂಜುರ್ಲಿಯ ಭಯಭಕ್ತಿಯೇ ಹೊರತು ವಿಚಾರವಲ್ಲ. ದೊಡ್ಡ ಮನಸ್ಸಿನ ಲೇಖಕನ ಅನುಕಂಪವೂ ನಿಂತುಬಿಡುವ ಗಡಿ ಇದು.

ಜಿಜ್ಞಾಸೆ ಎಂಬ ಶಬ್ದವನ್ನೇ ನೋಡಿ. ಬ್ರಹ್ಮಸೂತ್ರ ಶುರುವಾಗುವುದೇ ಜಿಜ್ಞಾಸೆಯ ಮಾತಿನಿಂದ. ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಅಪಶೂದ್ರಾಧಿಕರಣ ಎಂದೊಂದು ಭಾಗವಿದೆ. ಶೂದ್ರನಿಗೆ ಈ ಜಿಜ್ಞಾಸೆಯ ಅಧಿಕಾರ ಇಲ್ಲ ಎಂದು ಶಂಕರರು ಅಲ್ಲಿ ಭಾಷ್ಯ ಬರೆಯುತ್ತಾರೆ. ಶೂದ್ರನಿಗೇ ಇಲ್ಲದ ಮೇಲೆ ಪಂಚಮನ ಮಾತೇಕೆ? ಕೇಳುವುದೇ ಅಪರಾಧವಾದ ಕಡೆ 'ಇವರು ಏನನ್ನೂ ಕೇಳಲಿಲ್ಲ, ಇವರಿಗೆ ಕುತೂಹಲವೇ ಇರಲಿಲ್ಲ' ಎಂದು ಚರಿತ್ರೆ ಬರೆಯುವುದು ಬಹಳ ಸುಲಭ.

ಆದರೆ ಕೇಳಿದವರು ಇದ್ದರು. ನಮ್ಮ ಪಕ್ಕದ ಆಂಧ್ರದ ಒಂಗೋಲಿನ ಯರ್ರಗುಂಟ್ಲ ಪೇರಯ್ಯನವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅವರ ಕಥೆ ನಮಗೆ ಸಿಕ್ಕಿರುವುದು ಎಮ್ಮಾ ರೌಶೆನ್‌ಬುಷ್ ಕ್ಲೌ ಎಂಬಾಕೆ 1899ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಿಂದ. ಕೆರ ಹೊಲೆಯುವ ಮಾದಿಗರ ಬಾಯಿಂದಲೇ ಕೇಳಿ ಬರೆದ ಕಥೆಗಳವು. ಬರೆದವಳು ಮಿಶನರಿಯೇ, ಅವಳ ಕನ್ನಡಕ ಅವಳದೇ, ಒಪ್ಪೋಣ. ಆದರೂ ಅವಳು ಕೇಳಿದಳು, ಅಷ್ಟು ಸಾಕು.

ಪೇರಯ್ಯ ಮಾದಿಗರು. ತೊಗಲಿನ ವ್ಯಾಪಾರ. ಓದುಬರಹ ಇಲ್ಲ. ಹಳ್ಳಿ ಒಂಗೋಲಿಗೆ ದಕ್ಷಿಣಕ್ಕೆ ಸುಮಾರು 40 ಮೈಲಿ ದೂರ. ಮಿಶನರಿಯ ಮುಖ ನೋಡುವುದಕ್ಕೆ ಎಷ್ಟೋ ಮೊದಲೇ ಪೇರಯ್ಯ ರಾಜಯೋಗದ ಸಾಧನೆ ಮಾಡಿದ್ದರು. ಅವರ ಗುರು ಒಬ್ಬಳು ಹೆಂಗಸು, ವೀರಮ್ಮ. ಅವಳಿಂದ ಉಪದೇಶ ಪಡೆದು, ಮುಂದೆ ತಾವೇ ಕೆಲವರಿಗೆ ಗುರುವಾಗಿದ್ದರು. ಕೈವಾರ ತಾತಯ್ಯನ ಪದ, ವೀರಬ್ರಹ್ಮಯ್ಯನ ಕಥೆ ಕೇಳಿ ಬೆಳೆದ ಕೋಲಾರ, ಬಳ್ಳಾರಿ ಸೀಮೆಯ ಓದುಗರಿಗೆ ಇದು ವಿಚಿತ್ರ ಅನ್ನಿಸಲಾರದು. ವೀರಬ್ರಹ್ಮಯ್ಯನ ಶಿಷ್ಯರಲ್ಲಿ ಮಾದಿಗ ಕಕ್ಕಯ್ಯ ಇದ್ದ ಎಂದು ಜನ ಹೇಳುವುದನ್ನು ನಾವು ಕೇಳಿಯೇ ಇದ್ದೇವೆ. ಶಾಸ್ತ್ರದ ಬಾಗಿಲು ಮುಚ್ಚಿದ್ದರೂ ತತ್ವಪದದ, ಯೋಗದ, ಅವಧೂತರ ಕಿರುದಾರಿಗಳು ಕೇರಿಯೊಳಕ್ಕೆ ಬರುತ್ತಿದ್ದವು. ಆ ದಾರಿಗಳಲ್ಲಿ ನಡೆದವರಿಗೆ ದೇವರು ಯಾರು ಎಂದು ಕೇಳುವುದನ್ನು ಪಾದ್ರಿ ಬಂದು ಕಲಿಸಬೇಕಾಗಿರಲಿಲ್ಲ.

ತೊಗಲು ಕೊಳ್ಳಲು ಪೇರಯ್ಯ ಉತ್ತರದ ಕಡೆ, ಏಲೂರು, ಗೋದಾವರಿ ಸೀಮೆಯವರೆಗೆ ಹೋಗುತ್ತಿದ್ದರು. ಅಲ್ಲೇ ಅವರು ಕ್ರಿಸ್ತನ ವಿಷಯ ಮೊದಲು ಕೇಳಿದ್ದು. ಊರಿಗೆ ಯಾರೋ ಬಂದು ಆಮಿಷ ತೋರಿಸಿದ್ದಲ್ಲ, ಇವರೇ ಹೋಗಿ ಕೇಳಿದ್ದು. ಕೇಳಿ ಬಂದವರು ಮನೆಯಲ್ಲಿ ಹೆಂಡತಿ ನಾಗಮ್ಮನ ಜೊತೆ ಮಾತಾಡಿದರು. 1866ರಲ್ಲಿ ಇಬ್ಬರೂ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನ್ನಿನ ಜ್ಯುವೆಟ್ ಪಾದ್ರಿಯಿಂದ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಜಾನ್ ಕ್ಲೌ ಒಂಗೋಲಿಗೆ ಬಂದು ನೆಲೆಸಿದರು. ಪೇರಯ್ಯ ಅಲ್ಲಿಗೆ ಹೋಗಿ, ನಮ್ಮ ಕಡೆ ಕೇಳುವ ಜನ ಇದ್ದಾರೆ, ಬನ್ನಿ ಎಂದು ಕರೆದರು. 1867ರ ಜನವರಿಯಲ್ಲಿ ಕ್ಲೌ ಆ ಹಳ್ಳಿಗೆ ಹೋದಾಗ ಪೇರಯ್ಯ ತಿಂಗಳುಗಟ್ಟಲೆ ಮಾತಾಡಿ ಸಿದ್ಧಮಾಡಿದ್ದ ಜನ ಕಾದಿದ್ದರು. ಐದು ದಿನ ಮಾತು, ಪ್ರಶ್ನೆ, ಪ್ರಾರ್ಥನೆ. ಕೊನೆಗೆ 28 ಜನ ದೀಕ್ಷಾಸ್ನಾನ ಪಡೆದರು. ಅಂದರೆ ಆ ಸೀಮೆಯ ಮಾದಿಗರಿಗೆ ಸುವಾರ್ತೆ ಮುಟ್ಟಿಸಿದ್ದು ಪಾದ್ರಿಯಲ್ಲ. ತೊಗಲು ಹೊತ್ತು ತಿರುಗುತ್ತಿದ್ದ, ಅಕ್ಷರ ಬಾರದ ಒಬ್ಬ ಯೋಗಿ. ಪಾದ್ರಿ ಬಂದದ್ದು ಆಮೇಲೆ.

ಇಲ್ಲೇ ಒಂದು ಮುಖ್ಯ ಘಟನೆ. ಆ ಹೊತ್ತಿಗೆ ಒಂಗೋಲಿನ ಮಿಶನ್ ಶಾಲೆಗೆ ಬ್ರಾಹ್ಮಣರ, ಮೇಲ್ಜಾತಿಯವರ ಹುಡುಗರು ಬರತೊಡಗಿದ್ದರು. ಎಲ್ಲ ಮಿಶನರಿಗಳಂತೆ ಕ್ಲೌ ದಂಪತಿಗಳಿಗೂ ಈ ಚುರುಕು ಹುಡುಗರ ಮೇಲೆ ದೊಡ್ಡ ಆಸೆ. ಮಾದಿಗರು ಬಂದದ್ದೇ ತಡ, ದೊಡ್ಡ ಮನುಷ್ಯರು ಬಂದು ಹೇಳಿದರು: ಇವರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ. ಒಂದು ಕಡೆ ಇಂಗ್ಲಿಷು ಕಲಿಯುವ, ನಾಳೆ ಅಧಿಕಾರಿಗಳಾಗುವ ಹುಡುಗರು. ಇನ್ನೊಂದು ಕಡೆ ಊರ ಹೊರಗಿನ ಚಪ್ಪಲಿ ಹೊಲೆಯುವವರು. ಏನು ಮಾಡುವುದೆಂದು ತೋಚದೆ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಬೈಬಲ್ ತೆರೆದರು, ಇಬ್ಬರಿಗೂ ಸಿಕ್ಕಿದ್ದು ಒಂದೇ ಭಾಗ, ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದಲ್ಲಿ ಕುಲೀನರನ್ನಲ್ಲ, ಹೀನರೆನಿಸಿಕೊಂಡವರನ್ನೇ ದೇವರು ಆರಿಸಿಕೊಂಡ ಎಂಬ ಅರ್ಥದ ಮಾತು, ಎಂದು ಕ್ಲೌ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಪವಾಡ ಎಂದು ನಂಬಬೇಕಾಗಿಲ್ಲ. ನನಗೆ ಕಾಣುವುದು ಬೇರೆ. ಮಾದಿಗರನ್ನು ಒಳಕ್ಕೆ ಬಿಡಬೇಕೋ ಬೇಡವೋ ಎನ್ನುವುದಕ್ಕೆ ದೇವರಿಂದಲೇ ಎರಡು ಸಲ ಅಪ್ಪಣೆ ಬೇಕಾಯಿತು! ಬ್ರಾಹ್ಮಣ ಹುಡುಗರಿಗೆ ಒಂದು ಸಲವೂ ಬೇಕಾಗಿರಲಿಲ್ಲ.

ಬಂದವರಿಗೆ ಕ್ಲೌ ಹಾಕಿದ ಷರತ್ತು ಮೂರು. ಭಾನುವಾರ ದುಡಿಯಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಕ್ಕೆ ಅಡ್ಡಬೀಳಬಾರದು. ಹೊರಗಿನಿಂದ ನೋಡಿದರೆ ಇವು ಬರೀ ಮತದ ಕಟ್ಟಳೆಗಳು. ಕೇರಿಯ ಒಳಗೆ ನಿಂತು ನೋಡಿ. ಭಾನುವಾರ ದುಡಿಯುವುದಿಲ್ಲ ಅಂದರೆ ಗೌಡನ ಬಿಟ್ಟಿಗೆ ಒಂದು ದಿನ ಇಲ್ಲ ಅಂದ ಹಾಗೆ. ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಅಂದರೆ ಊರಹಬ್ಬಕ್ಕೆ ತಮಟೆ ಬಡಿಯುವುದಿಲ್ಲ ಅಂದ ಹಾಗೆ. ಸತ್ತ ದನ ತಿನ್ನುವುದಿಲ್ಲ ಅನ್ನುವುದಂತೂ ತಮಗೆ ಅಂತ ಊರು ಬಿಟ್ಟುಕೊಟ್ಟಿದ್ದ ಎಂಜಲನ್ನೇ ತಿರಸ್ಕರಿಸಿದ ಹಾಗೆ. ಅದಕ್ಕೆ 60 ವರ್ಷದ ನಂತರ, 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡ್‌ನಲ್ಲಿ ಇದೇ ಮಾತು ಹೇಳಿದರು. ಒಂಗೋಲಿನ ಮಾದಿಗರು ಈ ಷರತ್ತುಗಳನ್ನು ಒಪ್ಪಿ ಕೂಲಿ ಕಳೆದುಕೊಂಡರು, ಹೊಡೆತ ತಿಂದರು. ಅಕ್ಕಿಗಾಗಿ ಹೋದವರು ಇರೋ ಅನ್ನವನ್ನೂ ಬಿಟ್ಟು ಹೋಗ್ತಾರಾ?

1876ರಿಂದ 78ರ ಭೀಕರ ಬರ ಬಂತು. ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗ ತೋಡುವ ಗುತ್ತಿಗೆಯನ್ನು ಕ್ಲೌ ಹಿಡಿದು ಸಾವಿರಾರು ಜನಕ್ಕೆ ಕೂಲಿ ಕೊಟ್ಟರು. ಕಾಲುವೆಯ ದಂಡೆಯ ಮೇಲೆ ಮಾದಿಗ ಬೋಧಕರು ಕೂಲಿಯವರ ನಡುವೆಯೇ ಇದ್ದು ಮಾತಾಡಿದರು. ದೀಕ್ಷಾಸ್ನಾನ ಕೇಳಿದವರು ಲೆಕ್ಕವಿಲ್ಲದಷ್ಟು. ಆದರೆ ಬರ ಇರುವವರೆಗೆ ಕ್ಲೌ ಯಾರಿಗೂ ಕೊಡಲಿಲ್ಲ, ಹೊಟ್ಟೆಗಾಗಿ ಬಂದರು ಎಂಬ ಅಪವಾದ ಬೇಡವೆಂದು. ಪರಿಹಾರದ ಕೂಲಿ ನಿಂತ ಮೇಲೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ನೀರಿನಲ್ಲಿ ನಿಂತು ಅದನ್ನು ಕೊಟ್ಟವರು ಆರು ಜನ ತೆಲುಗು ಬೋಧಕರು, ಇಬ್ಬಿಬ್ಬರಾಗಿ ಸರದಿಯ ಮೇಲೆ. ಕ್ಲೌ ನೀರಿಗೆ ಇಳಿಯಲೇ ಇಲ್ಲ. ಇಷ್ಟಾದರೂ ಅವರ ಹೆಸರು 'ಅಕ್ಕಿ ಕ್ರೈಸ್ತರು' ಎಂದೇ ಉಳಿಯಿತು.

ಪೇರಯ್ಯ ಒಬ್ಬರೇ ಅಲ್ಲ. ದೂರದ ಪಂಜಾಬಿನ ಸಿಯಾಲ್‌ಕೋಟ್ ಸೀಮೆಯಲ್ಲಿ ಚೂಹ್ರಾ ಜಾತಿಯ ದಿತ್ತ್ ಇದ್ದರು. ಕಾಲು ಕುಂಟು, ವಯಸ್ಸು ಮೂವತ್ತರ ಹತ್ತಿರ, ಅವರದೂ ತೊಗಲಿನ ವ್ಯಾಪಾರವೇ. 1873ರಲ್ಲಿ ದೀಕ್ಷಾಸ್ನಾನ ಪಡೆದರು. ಪಾದ್ರಿಗೆ ಹಿಂಜರಿಕೆ. ಹೊಸಬರು ಮಿಶನ್ ಕಾಂಪೌಂಡಿನಲ್ಲೇ ಇರುವುದು ಆಗಿನ ರೂಢಿ. ದಿತ್ತ್ ಒಪ್ಪಲಿಲ್ಲ, ಊರಿಗೇ ಹೋಗುತ್ತೇನೆ ಎಂದರು. ಹೋದರು. ನೆಂಟರು ಹಂಗಿಸಿದರು. ಕೆಲವು ತಿಂಗಳಲ್ಲಿ ಹೆಂಡತಿ, ಮಗಳು, ಇಬ್ಬರು ನೆರೆಯವರನ್ನು ಜೊತೆಗೆ ಕರೆದುಕೊಂಡು ಬಂದರು. ಪಂಜಾಬಿನ ಕ್ರೈಸ್ತ ಸಮುದಾಯದ ಬಹುಪಾಲು ಬೆಳೆದದ್ದು ಹೀಗೆ ಕೇರಿಯಿಂದ ಕೇರಿಗೆ. ಇನ್ನೂ ಹಿಂದೆ, ದಕ್ಷಿಣ ತಿರುವಾಂಕೂರಿನ ಮೈಲಾಡಿಯ ಮಹಾರಾಸನ್ ಎಂಬ ಪರಯ ಚಿದಂಬರಕ್ಕೆ ತೀರ್ಥಯಾತ್ರೆ ಹೊರಟವರು. ದಾರಿಯಲ್ಲಿ ತಂಜಾವೂರಿನಲ್ಲಿ ಕ್ರಿಸ್ತನ ಬೋಧೆ ಕೇಳಿ, ವೇದಮಾಣಿಕ್ಕಂ ಆಗಿ ಊರಿಗೆ ಹಿಂದಿರುಗಿದರು. ರಿಂಗಲ್‌ಟೋಬೆ ಎಂಬ ಪಾದ್ರಿ ಆ ಕಡೆಗೆ ಬಂದದ್ದು 1806ರಲ್ಲಿ, ಇವರು ಕರೆದ ಮೇಲೆ. ತೀರ್ಥಯಾತ್ರೆಗೆ ಹೊರಟವನನ್ನು ಹೊಟ್ಟೆಪಾಡಿನವನು ಎನ್ನುವುದು ಹೇಗೆ? ಆದರೂ ಎಂದರು.

ಈ ಮಾತಿನ ಅತ್ಯಂತ ಸಭ್ಯ ರೂಪ ಕೇಳಿಬಂದದ್ದು 1936ರಲ್ಲಿ. ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ 1935ರಲ್ಲಿ ಯೇವಲೆಯಲ್ಲಿ ಸಾರಿದ್ದರು. ಎಲ್ಲರ ಕಣ್ಣೂ ಅಸ್ಪೃಶ್ಯರ ಮೇಲೆ. ಆಗ ಅಮೆರಿಕದ ಕ್ರೈಸ್ತ ನಾಯಕ ಜಾನ್ ಮಾಟ್ ಜೊತೆ ಮಾತಾಡುತ್ತ ಗಾಂಧೀಜಿ, ಹಸುವಿಗೆ ಯಾರಾದರೂ ಸುವಾರ್ತೆ ಸಾರುತ್ತಾರೆಯೇ ಎಂದು ಕೇಳಿದರು. ಮತಗಳ ತಾರತಮ್ಯ ತಿಳಿಯುವುದರಲ್ಲಿ ಕೆಲವು ಹರಿಜನರು ಹಸುವಿಗಿಂತ ಮೇಲಲ್ಲ ಎಂಬುದು ಅದರ ತಾತ್ಪರ್ಯ. 1936ರ ಡಿಸೆಂಬರಿನ 'ಹರಿಜನ' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಗಾಂಧೀಜಿಯ ಮನಸ್ಸಿನಲ್ಲಿ ಹಸು ಹೀನವಲ್ಲ, ಅದು ಮುಗ್ಧತೆಯ ಮಾತು ಎಂದು ಸಮಜಾಯಿಷಿ ಕೊಡುವವರಿದ್ದಾರೆ. ಇರಲಿ. ಹಸುವನ್ನು ಪೂಜಿಸಬಹುದು, ಸಾಕಬಹುದು, ಹಸು ಏನನ್ನು ನಂಬುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದೇ ವರ್ಷ ಮೇ 31ರಂದು ಮುಂಬಯಿಯ ಮಹಾರ್ ಪರಿಷತ್ತಿನಲ್ಲಿ ಅಂಬೇಡ್ಕರ್ ಮಾತಾಡಿದ್ದು ಓದಿ ನೋಡಿ. ಅಕ್ಷರ ಬಾರದ ಸಾವಿರಾರು ಜನರ ಮುಂದೆ ಅವರು ಮತಾಂತರದ ಸಾಮಾಜಿಕ ಕಾರಣ ಯಾವುದು, ಆಧ್ಯಾತ್ಮಿಕ ಕಾರಣ ಯಾವುದು ಎಂದು ಬಿಡಿಸಿ ಬಿಡಿಸಿ ವಾದ ಮಾಡುತ್ತಾರೆ. ತರ್ಕ ಮಾಡಬಲ್ಲವರ ಮುಂದೆ ಮಾತ್ರ ಹಾಗೆ ಮಾತಾಡಲು ಸಾಧ್ಯ.

ಈ 'ಕಾರಣ'ದ ತನಿಖೆಯೂ ನಡೆದಿದೆ. ಪಿಕೆಟ್ ಎಂಬ ಮಿಶನರಿ 1933ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಾವಿರಾರು ಕ್ರೈಸ್ತರನ್ನು, ಹೆಚ್ಚಾಗಿ ಕೇರಿಯವರನ್ನು, ಯಾಕೆ ಬಂದಿರಿ ಎಂದು ಕೇಳಿ ವಿಂಗಡಿಸಿದ. ಆಧ್ಯಾತ್ಮಿಕ ಎನ್ನಬಹುದಾದ ಕಾರಣ ಕೊಟ್ಟವರು ಶೇ. 34.8, ಲೌಕಿಕ ಲಾಭ ಎಂದವರು ಶೇ. 8.1, ಸಾಮಾಜಿಕ ಕಾರಣ ಶೇ. 22.4, ಉಳಿದವರು ಕ್ರೈಸ್ತ ಮನೆಯಲ್ಲಿ ಹುಟ್ಟಿದವರು. ಮಿಶನರಿಯ ಮುಂದೆ ಕೂತವನು ಮಿಶನರಿಗೆ ಹಿತವಾದ ಉತ್ತರ ಕೊಟ್ಟಿರಬಹುದು, ಆದ್ದರಿಂದ ಈ ಅಂಕಿಗಳ ಮೇಲೆ ನಾನು ಮನೆ ಕಟ್ಟುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ನಾಲ್ಕು ಗೂಡುಗಳೇ ಸುಳ್ಳು. ಬಾವಿಯ ನೀರು ಮುಟ್ಟಗೊಡದ ದೇವರಿಗಿಂತ ತನ್ನ ಪಕ್ಕ ಕೂತು ಉಣ್ಣುವ ದೇವರು ನಿಜವಾದವನಿರಬೇಕು ಎಂದು ಒಬ್ಬ ಮಾದಿಗ ಹುಡುಗ ಯೋಚಿಸಿದರೆ, ಅದು ಸಾಮಾಜಿಕವೋ ಆಧ್ಯಾತ್ಮಿಕವೋ? ಅನ್ನವನ್ನೂ ಬ್ರಹ್ಮ ಎಂದ ಪರಂಪರೆಯವರಿಗೆ ನಮ್ಮ ಅನ್ನ ಮಾತ್ರ ಯಾಕೆ ಬ್ರಹ್ಮವಾಗಲೊಲ್ಲದು? ಇಷ್ಟಕ್ಕೂ, ನೀವು ಯಾವ ಲಾಭಕ್ಕಾಗಿ ಹಿಂದೂಗಳಾಗಿ ಉಳಿದಿದ್ದೀರಿ ಎಂದು ಅಗ್ರಹಾರದಲ್ಲಿ ಸಮೀಕ್ಷೆ ಮಾಡಿದವರು ಯಾರಿದ್ದಾರೆ?

ಚರ್ಚು ಈ ಚರಿತ್ರೆಯನ್ನು ತನ್ನ ಹೆಮ್ಮೆಗೆ ಬಳಸಿಕೊಳ್ಳಬೇಕಾಗಿಲ್ಲ. ಪೇರಯ್ಯನವರ ಯೋಗವನ್ನು ಅದು ಬರೀ ಮೆಟ್ಟಿಲು ಎಂದು ದಾಟಿಬಿಟ್ಟಿತು. ಪರಯರಿಗೆ ಬೇರೆ ಬೆಂಚು, ಬೇರೆ ಸ್ಮಶಾನ ಮಾಡಿದ ಇಗರ್ಜಿಗಳು ತಮಿಳು ಸೀಮೆಯಲ್ಲಿ ಇದ್ದದ್ದು ಸುಳ್ಳಲ್ಲ. ಬಂದ ತರುಣರಿಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಬದಲು ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದೂ ಉಂಟು.

ಆದರೆ ಪ್ರಭುತ್ವ ಮಾಡಿದ್ದು ಇನ್ನೂ ಬೇರೆ. 1950ರ ರಾಷ್ಟ್ರಪತಿ ಆದೇಶ ಹಿಂದೂವಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಒಳಬಂದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಅಂದರೆ ಇಲ್ಲಿ ಲೌಕಿಕ ಲಾಭದ ಲೆಕ್ಕ ಹಾಕುವವನು ಕ್ರೈಸ್ತನಾಗುವುದಿಲ್ಲ, ಆಗದೇ ಇರುತ್ತಾನೆ! 2022ರಲ್ಲಿ ಕರ್ನಾಟಕ ಒಂದು ಮತಾಂತರ ಕಾಯ್ದೆ ತಂದಿತು. ಅದನ್ನು ಹಿಂತೆಗೆಯಬೇಕೆಂದು 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ತೀರ್ಮಾನಿಸಿತು, ಆ ಮಾತು ಬೇರೆ. ಕಾಯ್ದೆಯ ಶಿಕ್ಷೆಯ ಭಾಗವನ್ನು ನೋಡಿ. ಸಾಮಾನ್ಯರನ್ನು ಕಾನೂನಿಗೆ ವಿರುದ್ಧವಾಗಿ ಮತಾಂತರಿಸಿದರೆ 3ರಿಂದ 5 ವರ್ಷ. ಅಪ್ರಾಪ್ತ ವಯಸ್ಕರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಮತ್ತು ವರ್ಗದವರು ಆಗಿದ್ದರೆ 3ರಿಂದ 10 ವರ್ಷ. ರಕ್ಷಣೆಗಾಗಿ ಎಂದರು. ಓದಿ ಪಾಸಾದ ಇಪ್ಪತ್ತೈದು ವರ್ಷದ ಹೊಲೆಯ ಹುಡುಗನನ್ನು ಯಾರ ಸಾಲಿನಲ್ಲಿ ಕೂರಿಸಿದರು ನೋಡಿ.

ಆನಂದಪುರದ ಮೊದಲ ಹೊಲೆಯರ ಹೆಸರುಗಳನ್ನು ಯಾರಾದರೂ ಹುಡುಕಬೇಕು. ಮಿಶನ್ನಿನ ವರದಿಗಳು ಬಾಸೆಲ್ಲಿನ ಪತ್ರಾಗಾರದಲ್ಲಿವೆ, ಜರ್ಮನ್ ಕಲಿತ ನಮ್ಮ ಹುಡುಗರು ಹುಡುಗಿಯರು ಹೋಗಿ ನೋಡಬಹುದು. ಬಳ್ಳಾರಿ, ರಾಯಚೂರು ಸೀಮೆಯ ಮಾದಿಗ ಕ್ರೈಸ್ತ ಮುದುಕರು ಇನ್ನೂ ಬದುಕಿರುವಾಗಲೇ ಹೋಗಿ ಕೂತು ಕೇಳಬೇಕು. ಯಾಕೆ ಹೋದಿರಿ ಅಂತ ಅಲ್ಲ. ಏನು ಹುಡುಕ್ತಿದ್ರಿ ಅಂತ.

ಆ ಗೆಳೆಯನನ್ನು ನಾವು ಒಂದು ದಿನವೂ ಹಾಗೆ ಕೇಳಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ನನ್ನಿಂದ ಓದಲು ಒಯ್ದಿದ್ದ ಅಂಬೇಡ್ಕರ್ ಪುಸ್ತಕವನ್ನು ವಾಪಸ್ಸು ಕೊಡಲು ಬಂದ. ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ. ನಾನು ಹಳೇ ಚಾಳಿಯಂತೆ ಬ್ರೆಡ್ಡಿನ ಮಾತೆತ್ತಿದೆ. ಅವತ್ತು ಮಾತ್ರ ಅವನು ಸುಮ್ಮನಿರಲಿಲ್ಲ.

'ಬಾಬಾಸಾಹೇಬ್ರು ಇಪ್ಪತ್ತೊಂದು ವರ್ಷ ಹುಡುಕಿದ್ರು. ಎಲ್ಲಾ ಧರ್ಮಾನೂ ಕೆದಕಿ ನೋಡಿದ್ರು. ನಾನು ಎರಡು ವರ್ಷ ಹುಡುಕಿದ್ರೆ ನಿಮಗ್ಯಾಕ್ರೋ ನಗು?' ಎಂದು ಪುಸ್ತಕವನ್ನು ಮಂಚದ ಮೇಲೆ ಇಟ್ಟು ಹೋದ.